ಮಕ್ಕಳೇ ಕಟ್ಟಿಕೊಳ್ಳುವ ಪದವಿಗೆ ಅವಕಾಶ ಕೊಡಿ

ಮಾನ್ಯರೇ,

ಪಿಯುಸಿ ಫಲಿತಾಂಶ ಬಂತು, ಪದವಿ ಕಾಲೇಜುಗಳಲ್ಲಿ ಈಗ ಪ್ರವೇಶದ ಗದ್ದಲ. ಎಲ್ಲಿ ಹೋದರೂ ಮೊದಲು ಕೇಳುವುದು ‘ಯಾವ ಕಾಂಬಿನೇಷನ್?’ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ), ಪಿಸಿಎಂ (ಭೌತ, ರಸಾಯನ, ಗಣಿತ), ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ), ಇಲ್ಲವೇ ಬಿಕಾಂ. ಬೇರೆ ಏನಾದರೂ ಕೇಳಿದರೆ ‘ಹಂಗೆಲ್ಲ ಬರಂಗಿಲ್ಲ’ ಎಂದು ಫಾರ್ಮ್ ವಾಪಸ್ ಕೊಡುತ್ತಾರೆ.

ಇಳಕಲ್ಲಿನ ನೇಕಾರರ ಮನೆಯ ಹುಡುಗಿಯೊಬ್ಬಳು ಸಲಹೆ ಕೇಳಲು ಬಂದಿದ್ದಳು. ಪಿಯುನಲ್ಲಿ ಸೈನ್ಸ್ ಓದಿದವಳು. ಸೀರೆಯ ಒಡಲಿನ ಹಾಸು (ಉದ್ದದ ಎಳೆಗಳು) ಮತ್ತು ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸ ಅವಳಿಗೆ ಮನೆಯಲ್ಲೇ ಬಂದಿದೆ. ನೂಲಿನ ಬಣ್ಣ ಯಾಕೆ ಬಿಡುತ್ತದೆ ಅಂತ ತಿಳಿಯಲು ಅವಳಿಗೆ ರಸಾಯನಶಾಸ್ತ್ರ ಬೇಕು. ಪವರ್‌ಲೂಮ್ ಸೀರೆಯ ಎದುರು ಕೈಮಗ್ಗದ ಸೀರೆಗೆ ಬೆಲೆ ಕಟ್ಟಲು ವಾಣಿಜ್ಯ ಬೇಕು. ಈ ಭಾಗದ ನೇಕಾರಿಕೆಯ ಇತಿಹಾಸವೂ ಬೇಕು. ಕೇಳಿದ್ದರಲ್ಲಿ ತಪ್ಪೇನಿದೆ? ಆದರೆ ಒಂದು ಬಿಎಸ್ಸಿಯಲ್ಲಿದೆ, ಒಂದು ಬಿಕಾಂನಲ್ಲಿ, ಇನ್ನೊಂದು ಬಿಎಯಲ್ಲಿ. ಕೊನೆಗೆ ಬಿಕಾಂ ಸೇರಿದಳು.

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯ 1969ರಲ್ಲೇ ಎಲ್ಲರಿಗೂ ಕಡ್ಡಾಯ ಎನ್ನುವ ವಿಷಯಗಳ ಪಟ್ಟಿ ಕೈಬಿಟ್ಟಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಯಾಲಟಿನ್ ವಿಭಾಗ 1972ರಿಂದ ಮಕ್ಕಳೇ ಬೇರೆ ಬೇರೆ ವಿಭಾಗದ ವಿಷಯ ಕೂಡಿಸಿ ತಮ್ಮ ಪದವಿ ಕಟ್ಟಿಕೊಳ್ಳಲು ಬಿಟ್ಟಿದೆ. ಅಲ್ಲಿ ಸುಮ್ನೆ ಸುಲಭದ ಪೇಪರ್ ಆರಿಸಿಕೊಂಡು ಪಾಸಾಗಲು ಆಗುವುದಿಲ್ಲ. ಒಬ್ಬ ಮಾರ್ಗದರ್ಶಕರ ಜೊತೆ ಕೂತು ತನ್ನ ಓದಿನ ಯೋಜನೆಯನ್ನು ತಾನೇ ಮಾಡಿಕೊಳ್ಳಬೇಕು. ಕೊನೆಗೆ ತಾನೇ ಆರಿಸಿದ ಪುಸ್ತಕಗಳ ಪಟ್ಟಿ ಹಿಡಿದು ಅಧ್ಯಾಪಕರ ಮುಂದೆ ವೈವಾ ಕೊಡಬೇಕು. ನಮ್ಮ ಗೈಡ್ ಓದಿ ಬರೆಯುವ ಪರೀಕ್ಷೆಗಿಂತ ಇದು ಕಷ್ಟದ್ದೇ.

ನಮ್ಮಲ್ಲೂ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ಓಪನ್ ಇಲೆಕ್ಟಿವ್ ಬಂತು. ಕಲಾ ವಿಭಾಗದವರು ವಿಜ್ಞಾನದ ಪೇಪರ್ ಓದಬಹುದಿತ್ತು. ಆದರೆ ನಾನು ಕಂಡಂತೆ, ಯಾವ ಮೇಷ್ಟ್ರಿಗೆ ವರ್ಕ್‌ಲೋಡ್ ಕಡಿಮೆಯೋ ಅವರ ವಿಷಯವೇ ಮಕ್ಕಳ ‘ಆಯ್ಕೆ’! 2024-25ರಿಂದ ಆ ನೀತಿಯ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಮೂರು ವರ್ಷವೋ ನಾಲ್ಕೋ ಎಂಬ ಜಗ್ಗಾಟದಲ್ಲಿ ಮಕ್ಕಳು ಏನು ಓದಬೇಕೆಂಬ ಮಾತು ಹಿಂದೆ ಬಿತ್ತು.

ಬೆಳಗಾವಿಯ ರಾಣಿ ಚನ್ನಮ್ಮ ವಿವಿ, ಜಮಖಂಡಿಯ ಬಾಗಲಕೋಟೆ ವಿವಿ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿವಿ ಮನಸ್ಸು ಮಾಡಿದರೆ ಇದನ್ನು ಸಣ್ಣದಾಗಿ ಶುರು ಮಾಡಬಹುದು. ಎಲ್ಲಾ ಕಾಲೇಜಿನಲ್ಲಿ ಬೇಡ. ಬಿಎ, ಬಿಎಸ್ಸಿ, ಬಿಕಾಂ ಮೂರೂ ಒಂದೇ ಆವರಣದಲ್ಲಿರುವ ಕಡೆ, ಬರವಣಿಗೆಯಲ್ಲಿ ಯೋಜನೆ ಕೊಡುವ ಬೆರಳೆಣಿಕೆಯ ಮಕ್ಕಳಿಗೆ ಸಾಕು. ಊರಲ್ಲಿ ಪಾಠ ಮಾಡುವವರಿಲ್ಲದ ವಿಷಯಕ್ಕೆ ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ಕೋರ್ಸ್‌ಗಳಿವೆ. ಒಂದು ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸ್‌ಗಳನ್ನು ಅಲ್ಲಿಂದ ಪಡೆಯಲು ಯುಜಿಸಿಯ 2021ರ ನಿಯಮವೇ ಅವಕಾಶ ಕೊಟ್ಟಿದೆ. ಲ್ಯಾಬ್ ಮಾತ್ರ ಕಾಲೇಜಿನಲ್ಲೇ ಆಗಬೇಕು, ಟೈಮ್‌ಟೇಬಲ್ ಹೊಂದಿಸುವುದೇ ಜಾಸ್ತಿ ತಲೆನೋವು.

ಪಾಲಕರ ಭಯ ಬೇರೆ ಇದೆ, ಅದು ಸುಳ್ಳಲ್ಲ. ಮುಂದೆ ಎಂಎಸ್ಸಿಗೋ ಬಿಎಡ್‌ಗೋ ನೇಮಕಾತಿಗೋ ಅರ್ಜಿ ಹಾಕಿದಾಗ ‘ಪದವಿಯಲ್ಲಿ ಈ ವಿಷಯ ಓದಿಲ್ಲ’ ಎಂದು ತಳ್ಳಿಬಿಟ್ಟರೆ? ಹಾಗಾಗಿ ಯಾವ ವಿಷಯದಲ್ಲಿ ಎಷ್ಟು ಕ್ರೆಡಿಟ್ (ಪಾಠದ ಗಂಟೆಗಳ ಲೆಕ್ಕ) ಓದಿದರೆ ಆ ವಿಷಯದ ಪದವೀಧರ ಎಂದು ಒಪ್ಪುತ್ತಾರೆ ಎಂಬುದನ್ನು ಉನ್ನತ ಶಿಕ್ಷಣ ಇಲಾಖೆ ಮೊದಲು ಆದೇಶದಲ್ಲಿ ಬರೆಯಲಿ. ಅಂಕಪಟ್ಟಿಯಲ್ಲೂ ಹಾಗೆಯೇ ಅಚ್ಚಾಗಲಿ. ಅರ್ಜಿ ಕರೆಯುವುದು ಆಮೇಲೆ.

– ಪದವಿ ಕಾಲೇಜು ಉಪನ್ಯಾಸಕಿ, ಬಾಗಲಕೋಟೆ ಜಿಲ್ಲೆ