ಮೋರಿಸ್ ಮೈನರ್: ಹೊಸ ಶಾಕ್‌ಗಿಂತ ಮೊದಲು ಗಾಲಿಯ ಲಿಂಕ್ ನೋಡಿ

ಮಾನ್ಯ ಸಂಪಾದಕರೇ,

ಹಳೆ ಕಾರುಗಳ ರ‍್ಯಾಲಿ ನಡೆದಾಗಲೆಲ್ಲ ಪತ್ರಿಕೆಗಳಲ್ಲಿ ಮೋರಿಸ್ ಮೈನರ್‌ನ ಚಿತ್ರ ಇದ್ದೇ ಇರುತ್ತದೆ. ಅದನ್ನು ಕೊಂಡವರು ಮೊದಲು ಕೈ ಹಾಕುವುದು ಮುಂದಿನ ಸಸ್ಪೆನ್ಷನ್‌ಗೆ: ಹಳೆಯ ಲಿವರ್ ಶಾಕ್ (ತೋಳಿರುವ ಶಾಕ್ ಅಬ್ಸಾರ್ಬರ್) ಬದಲು ಟೆಲಿಸ್ಕೋಪಿಕ್ ಶಾಕ್ (ಕೊಳವೆಯಂತೆ ಉದ್ದ ಗಿಡ್ಡವಾಗುವಂಥದ್ದು), ಜೊತೆಗೆ ಮೂತಿ ಸ್ವಲ್ಪ ತಗ್ಗಬೇಕು. ಮನೆಯಂಗಳದಲ್ಲಿ ಮಾಡಬಹುದಾದ ಕೆಲಸವೇ. ಆದರೆ ಬಹಳಷ್ಟು ಜನ ಅದನ್ನು ತಪ್ಪು ತುದಿಯಿಂದ ಶುರುಮಾಡುತ್ತಾರೆ, ಅದಕ್ಕೇ ಈ ಪತ್ರ.

ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರು 1948ರಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಬಂತು. ನಮ್ಮಲ್ಲಿ ಅದರ ಮೊದಲ ಮಾದರಿ ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಿನಲ್ಲಿ ಓಡಿತು. ಮುಂದೆ ಸುರುಳಿ ಸ್ಪ್ರಿಂಗ್ ಇಲ್ಲ. ಪ್ರತಿ ಗಾಲಿಗೂ ಕಾರಿನ ಉದ್ದಕ್ಕೆ ಮಲಗಿರುವ ಒಂದು ಟಾರ್ಷನ್ ಬಾರ್, ಅಂದರೆ ಉಕ್ಕಿನ ಸರಳು, ಇದೆ. ಅದು ತಿರುಚಿಕೊಂಡೇ ಭಾರ ಹೊರುತ್ತದೆ. ಕೆಳಗಿನ ತೋಳು ಈ ಬಾರ್‌ಗೆ ಕೂತಿದ್ದರೆ, ಮೇಲಿನ ತೋಳು ಲಿವರ್ ಶಾಕ್‌ನದೇ ತೋಳು. ಇವೆರಡರ ನಡುವೆ ನಿಂತಿರುವ, ಗಾಲಿಯನ್ನು ಹೊತ್ತು ತಿರುಗುವ ಕಿಂಗ್ ಪಿನ್ನಿನ ಎರಡು ತುದಿಗಳಲ್ಲೂ ಥ್ರೆಡ್ ಇದ್ದು, ಅವು ಪಿನ್ನನ್ನು ತೋಳಿಗೆ ಸೇರಿಸುವ ಮೇಲೊಂದು ಕೆಳಗೊಂದು ಲಿಂಕ್‌ನೊಳಗೆ ತಿರುಗುತ್ತವೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ತಿರುಗುವುದು ಈ ಥ್ರೆಡ್ಡೇ.

ಅಪಾಯ ಇರುವುದೂ ಅಲ್ಲಿಯೇ. ಗ್ರೀಸ್ ಒಣಗಿ ನೀರು, ಧೂಳು ಸೇರಿದರೆ ಕೆಳಗಿನ ಲಿಂಕ್‌ನ ಥ್ರೆಡ್ ಸವೆಯುತ್ತ ಹೋಗಿ ಕೊನೆಗೊಂದು ದಿನ ಪಿನ್ ಕಳಚಿಕೊಳ್ಳುತ್ತದೆ, ಗಾಲಿ ಮಡ್‌ಗಾರ್ಡ್ ಕೆಳಗೆ ಮಡಚಿಕೊಂಡು ಕಾರು ಮಂಡಿಯೂರುತ್ತದೆ. ಬಹುತೇಕ ಇದು ಪೂರ್ತಿ ಸ್ಟೇರಿಂಗ್ ತಿರುಗಿಸಿ ಪಾರ್ಕಿಂಗ್ ಮಾಡುವಾಗ, ನಿಧಾನ ವೇಗದಲ್ಲೇ ಆಗುತ್ತದೆ. ಹೆದ್ದಾರಿಯಲ್ಲಿ ಆದರೆ ಏನು ಗತಿ ಎಂದು ವಿವರಿಸಬೇಕಿಲ್ಲ. ಹೊಸ ಶಾಕ್ ಹಾಕಿದರೆ ಈ ಸವೆತ ಹೋಗುವುದಿಲ್ಲ, ಬದಲಿಗೆ ಕಾರು ಗಟ್ಟಿಯಾಗಿದೆ ಎಂಬ ಭ್ರಮೆ ಹುಟ್ಟುತ್ತದೆ.

ಆದ್ದರಿಂದ ಮೊದಲು ಪರೀಕ್ಷೆ. ಗಾಲಿ ನೆಲದಿಂದ ಏಳುವಂತೆ ಚಾಸಿಗೆ ಜ್ಯಾಕ್ ಕೊಟ್ಟು, ತಕ್ಷಣ ಸ್ಟ್ಯಾಂಡ್ ಇಡಿ. ಟೊಳ್ಳು ಸಿಮೆಂಟ್ ಇಟ್ಟಿಗೆಗಳ ಮೇಲೆ ಕಾರು ನಿಲ್ಲಿಸುವ ನಮ್ಮೂರಿನ ಅಭ್ಯಾಸ ಬೇಡ, ಅವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ. ಟೈರಿನ ಕೆಳಗೆ ಸಬ್ಬಲ್ ಕೊಟ್ಟು ಮೇಲಕ್ಕೆ ಮೀಟುತ್ತ, ಪಿನ್ ಮತ್ತು ಲಿಂಕ್ ಸೇರುವಲ್ಲಿ ಬೆರಳಿಟ್ಟು ನೋಡಿ. ಎದ್ದು ಕಾಣುವಷ್ಟು ಮೇಲೆ ಕೆಳಗೆ ಆಡಿದರೆ ಲಿಂಕ್ ಹೋಗಿದೆ. ಆಮೇಲೆ ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಇನ್ನೊಬ್ಬರು ಬ್ರೇಕ್ ತುಳಿದಾಗ ಪ್ಲೇ (ಸಡಿಲ ಅಲುಗಾಟ) ಮಾಯವಾದರೆ ಅದು ಬೇರಿಂಗಿನದು, ಉಳಿದರೆ ಪಿನ್ನಿನದು ಅಥವಾ ಶಾಕ್ ತೋಳಿನದು.

ಲಿಂಕ್ ಬಿಚ್ಚುವಾಗ ಟಾರ್ಷನ್ ಬಾರ್ ಬಿಗಿಯಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ಕೆಳತೋಳಿನ ಅಡಿಗೆ ಇನ್ನೊಂದು ಜ್ಯಾಕ್ ಕೊಟ್ಟು, ಬೋಲ್ಟ್ ಬಿಚ್ಚಿದ ಮೇಲೆ ಅದನ್ನು ಮೆಲ್ಲಗೆ ಇಳಿಸಿಯೇ ಬಿಗಿ ತೆಗೆಯಬೇಕು. ಜ್ಯಾಕ್ ಇಲ್ಲದೆ ಕಳಚಿದರೆ ತೋಳು ಬಡಿಯುವ ಏಟಿಗೆ ಮೂಳೆ ಮುರಿದೀತು. ಎಡ ಬಲದ ಥ್ರೆಡ್ ಒಂದಕ್ಕೊಂದು ವಿರುದ್ಧ, ಆದ್ದರಿಂದ ಬಿಡಿಭಾಗ ಅದಲು ಬದಲಾಗದಂತೆ ಗುರುತು ಹಾಕಿಡಿ. ಹೊಸ ಲಿಂಕನ್ನು ಕೊನೆಯವರೆಗೆ ತಿರುಗಿಸಿ, ಒಂದು ಸುತ್ತಿನಷ್ಟು ಹಿಂದಕ್ಕೆ ಬಿಡಬೇಕು. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಎಲ್ಲೂ ತಟ್ಟಬಾರದು. ಕೊನೆಗೇ ಬಿಗಿದುಬಿಟ್ಟರೆ ತಿರುವಿನಲ್ಲಿ ಹಿಡಿದುಕೊಂಡು ಹೊಸ ಪಿನ್ನೂ ಸೀಳುತ್ತದೆ. ಗ್ರೀಸ್ ಹೊಡೆಯುವಾಗಲೂ ಗಾಲಿ ಎತ್ತಿರಬೇಕು. ನೆಲದ ಮೇಲಿದ್ದಾಗ ಭಾರ ಬಿದ್ದ ಕಡೆಯ ಥ್ರೆಡ್‌ಗೆ ಗ್ರೀಸ್ ಇಳಿಯುವುದಿಲ್ಲ. ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವ ತನಕ ಗನ್ ಒತ್ತಿ. ವಾರಕ್ಕೊಮ್ಮೆ ಓಡುವ ಕಾರಾದರೂ ಮೂರು ತಿಂಗಳಿಗೊಮ್ಮೆ ಇದು ಆಗಲೇಬೇಕು.

ಇನ್ನು ಎತ್ತರದ ವಿಷಯ. ಅಳೆಯುವಾಗ ಮಡ್‌ಗಾರ್ಡ್ ನಂಬಬೇಡಿ, ಎಷ್ಟು ಸಲ ತಟ್ಟಿ ಪುಟ್ಟಿ ಹಾಕಿದ್ದಾರೋ ಯಾರಿಗೆ ಗೊತ್ತು! ಸಮತಟ್ಟು ನೆಲದಲ್ಲಿ ಚಾಸಿಯಿಂದ ಅಳೆಯಿರಿ, ಹಿಂದಿನ ಪಟ್ಟಿ ಸ್ಪ್ರಿಂಗ್‌ಗಳನ್ನೂ ನೋಡಿ. ಹಿಂದೆ ಒಂದು ಬದಿ ಕುಸಿದಿದ್ದರೆ ಮುಂದೆ ಎದುರು ಬದಿ ಎದ್ದಂತೆ ಕಾಣುತ್ತದೆ. ಬಾರ್‌ನ ಹಿಂದಿನ ತುದಿಯ ಲಿವರ್ ಸರಿಸಿ ಎತ್ತರ ಬದಲಿಸಬಹುದು. ಸ್ಪ್ಲೈನಿನ (ಬಾರ್ ತುದಿಯ ಹಲ್ಲುಸಾಲಿನ) ಒಂದೇ ಹಲ್ಲು ಸರಿಸಿದರೂ ತೋಳಿನ ಉದ್ದದ ಕಾರಣ ಗಾಲಿಯ ಬಳಿ ಅದು ಬಹಳ ಆಗುತ್ತದೆ. ಬಾರ್‌ಗಳನ್ನು ಎಡದಿಂದ ಬಲಕ್ಕೆ ಹಾಕಲೇಬಾರದು. ಒಂದೇ ದಿಕ್ಕಿಗೆ ತಿರುಚಿ ಪಳಗಿದ ಉಕ್ಕು ಉಲ್ಟಾ ತಿರುಚಿದರೆ ಕುಸಿಯುತ್ತದೆ ಅಥವಾ ತುಂಡಾಗುತ್ತದೆ. ಬಾರಿನ ಮೈಗೆ ಉಳಿ, ಗ್ರೈಂಡರ್ ತಾಗಬಾರದು, ಆ ಗೀರಿನಿಂದಲೇ ಬಿರುಕು ಹುಟ್ಟುತ್ತದೆ. ಬಾರಿನ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಹೋಗುತ್ತದೆ: ಶೇ 10ರಷ್ಟು ದಪ್ಪದ ಬಾರ್ ಹಾಕಿದರೆ ಬಿಗಿತ ಸುಮಾರು ಶೇ 46 ಏರುತ್ತದೆ. ನಮ್ಮ ಹಂಪ್‌ಗಳಿಗೆ ಅದು ಬೇಕೇ, ಯೋಚಿಸಿ. (ಮುಂದೆ ಸುರುಳಿ ಸ್ಪ್ರಿಂಗ್ ಇರುವ ಪ್ರೀಮಿಯರ್ ಪದ್ಮಿನಿ ಕಾರಿನವರಿಗೆ ಒಂದು ಮಾತು: ಗ್ಯಾಸ್ ಉರಿಯಲ್ಲಿ ಕಾಯಿಸಿ ಆ ಸುರುಳಿ ತಗ್ಗಿಸಿದರೆ ಉಕ್ಕಿನ ಹದ ಹೋಯಿತು, ಸುತ್ತು ಕತ್ತರಿಸಿದರೆ ಉಳಿದದ್ದು ಇನ್ನಷ್ಟು ಬಿಗಿಯಾಯಿತು.)

ಈಗ ಟೆಲಿಸ್ಕೋಪಿಕ್. ಲಿವರ್ ಶಾಕನ್ನೇ ಕಿತ್ತೆಸೆಯುವುದು ದೊಡ್ಡ ತಪ್ಪು, ಮೇಲಿನ ತೋಳೇ ಅದು. ಬ್ರೇಕ್ ಹಾಕಿದಾಗ ಗಾಲಿಯ ಎಳೆತವನ್ನೂ ಅದೇ ತಡೆಯುತ್ತದೆ. ಅದರ ಒಳಗಿನ ವಾಲ್ವ್ ತೆಗೆದು, ಆಯಿಲ್ ಮಾತ್ರ ತುಂಬಿಡಿ, ಬೇರಿಂಗಿಗೆ ಅದು ಬೇಕು. ಶಾಕ್ ಆಯಿಲನ್ನೇ ಹಾಕಿ. ಬ್ರೇಕ್ ಆಯಿಲ್ ಹಾಕಿದರೆ ರಬ್ಬರ್ ಸೀಲ್ ಊದಿ ಕೆಡುತ್ತದೆ. ತೋಳಿನ ಬೇರಿಂಗ್ ಸವೆದಿದ್ದರೆ ಟೆಲಿಸ್ಕೋಪಿಕ್ ಎಷ್ಟೇ ಒಳ್ಳೆಯದಿರಲಿ, ಗಾಲಿ ಒಳಹೊರಗೆ ವಾಲುವುದು ನಿಲ್ಲುವುದಿಲ್ಲ. ಶಾಕ್ ಕೊಳ್ಳುವ ಮೊದಲು, ಅದರ ಮೇಲಿನ ಕೆಳಗಿನ ತುದಿ ಕೂರುವ ಜಾಗಗಳ ನಡುವೆ ಎರಡು ಅಳತೆ ತೆಗೆದುಕೊಳ್ಳಿ: ತೋಳು ಪೂರ್ತಿ ಮೇಲೆ ಹೋಗಿ ರಬ್ಬರ್ ಸ್ಟಾಪಿಗೆ ತಟ್ಟಿದಾಗಿನ ಅಂತರ, ಪೂರ್ತಿ ಜೋತುಬಿದ್ದಾಗಿನ ಅಂತರ. ಮುಚ್ಚಿದ ಶಾಕ್ ಮೊದಲನೆಯದಕ್ಕಿಂತ 10–15 ಮಿ.ಮೀ. ಗಿಡ್ಡವಿರಬೇಕು, ಬಿಚ್ಚಿದ್ದು ಎರಡನೆಯದಕ್ಕಿಂತ ಅಷ್ಟೇ ಉದ್ದವಿರಬೇಕು. ಇಲ್ಲದಿದ್ದರೆ ಪ್ರತಿ ಗುಂಡಿಯಲ್ಲೂ ಶಾಕೇ ಸ್ಟಾಪಿನ ಕೆಲಸ ಮಾಡಿ ಬ್ರಾಕೆಟ್ ಕಿತ್ತುಬರುತ್ತದೆ. ಮೇಲಿನ ಬ್ರಾಕೆಟ್ ಕೂರಬೇಕಾದ್ದು ಚಾಸಿಯ ದಪ್ಪ ಭಾಗಕ್ಕೆ, ಒಳ ಮಡ್‌ಗಾರ್ಡಿನ ತಗಡಿಗಲ್ಲ.

ಬ್ರಾಕೆಟ್ ವೆಲ್ಡ್ ಮಾಡುವ ಮುನ್ನ ಕಾನೂನನ್ನೂ ನೋಡಿ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ವಿಂಟೇಜ್ ನೋಂದಣಿಗೆ 50 ವರ್ಷ ದಾಟಿದ ಕಾರು ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಇರಬಾರದು. ಮೊದಲ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಬೋಲ್ಟ್‌ನಲ್ಲಿ ಕೂರಿಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ಮೊದಲಿನಂತೆ ಮಾಡಬಹುದು. ಕಿತ್ತ ಭಾಗಗಳನ್ನು ಗುಜರಿಗೆ ಹಾಕದೆ ಗ್ರೀಸ್ ಬಳಿದು ಡಬ್ಬದಲ್ಲಿಡಿ.

ಕಾರು ಗಾಲಿಯ ಮೇಲೆ ನಿಂತ ನಂತರವೇ ರಬ್ಬರ್ ಬುಷ್‌ಗಳ ನಟ್ ಬಿಗಿಯಿರಿ. ಗಾಲಿ ಜೋತುಬಿದ್ದಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಎತ್ತರ ಬದಲಾದರೆ ಟೋ-ಇನ್ (ಮುಂಗಾಲಿಗಳ ಮುಂಭಾಗ ಒಳಕ್ಕೆ ವಾಲಿರುವ ಅಳತೆ) ಕೂಡ ಬದಲಾಗುತ್ತದೆ, ಅದನ್ನು ಮತ್ತೆ 3/32 ಇಂಚಿಗೆ, ಅಂದರೆ ಸುಮಾರು 2.4 ಮಿ.ಮೀ.ಗೆ ತರಬೇಕು. ನೂರು ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲ ಬೋಲ್ಟ್‌ಗಳಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ, ಲಿವರ್ ಶಾಕ್‌ನ ಬೋಲ್ಟ್‌ಗಳಿಗೆ ಮೊದಲು.

– ಓದುಗ, ಮೈಸೂರು