ಹವಳದ ತೊಟ್ಟಿ ಲೈಟಿನ ಎತ್ತರ ಕಣ್ಣಳತೇಲಿ ಇಡಬೇಡಿ

ಸಂಪಾದಕರೇ,

ಮನೇಲಿ ಉಪ್ಪುನೀರಿನ ಗಾಜಿನ ತೊಟ್ಟೀಲಿ ಜೀವಂತ ಹವಳ ಸಾಕೋದರ ಬಗ್ಗೆ ನಿಮ್ಮ ಪೇಪರಲ್ಲಿ ಬಂದ ಬರಹ ಓದಿ ಖುಷಿಯಾಯ್ತು, ಉಪ್ಪಿನಂಶ, ನೀರು ಬದಲಾಯಿಸೋದು ಎಲ್ಲಾ ಚೆನ್ನಾಗಿ ಬಿಡಿಸಿ ಬರ್ದಿದ್ರು, ಆದ್ರೆ ಲೈಟಿನ ಬಗ್ಗೆ ಮಾತ್ರ ಒಳ್ಳೆ ಎಲ್‌ಇಡಿ ಹಾಕಿ ಅಂತ ಒಂದೇ ಸಾಲು. ಯಾವ ಲೈಟು ಅನ್ನೋದು ಎಷ್ಟು ಮುಖ್ಯಾನೋ ಅದನ್ನ ನೀರಿಂದ ಎಷ್ಟು ಮೇಲೆ ತೂಗುಹಾಕ್ತೀವಿ ಅನ್ನೋದೂ ಅಷ್ಟೇ ಮುಖ್ಯ, ಅದಕ್ಕೇ ಈ ಪತ್ರ.

ನಾನು ಹೊಸ ಲೈಟು ತಂದಾಗ ನೀರಿಂದ ಬರೀ 15 ಸೆಂಟಿಮೀಟರ್ ಮೇಲೆ ಕೂರಿಸಿ ಫುಲ್ ಪವರಲ್ಲಿ ಇಟ್ಟುಬಿಟ್ಟೆ. ಸರಿಯಾಗಿ ಅದರ ಕೆಳಗೆ ಹ್ಯಾಮರ್ ಕೋರಲ್ ಅನ್ನೋ ಒಂದು ಹವಳ ಇತ್ತು, ದಿನಾ ಬೆಳಗ್ಗೆ ಉಬ್ಬಿ ಅಲೆ ಜೊತೆ ತೂಗಾಡ್ತಿತ್ತು. ಮೂರನೇ ದಿನ ಅದು ಅರಳಲೇ ಇಲ್ಲ, ಒಂದು ವಾರದಲ್ಲಿ ಬಣ್ಣ ಬಿಟ್ಕೊಂಡು, ಮಾಂಸ ಒಳಗೆ ಸರಿದು, ಸುತ್ತ ಬಿಳೀ ಅಸ್ಥಿಪಂಜರದ ಏಣು ಕಾಣೋಕೆ ಶುರುವಾಯ್ತು. ನಾನು ನೀರು ಟೆಸ್ಟ್ ಮಾಡ್ದೆ, ಮತ್ತೆ ಮಾಡ್ದೆ, ಎಲ್ಲಾ ಸರಿಯಾಗೇ ಇತ್ತು. ಲೈಟಿನ ಮೇಲೆ ಅನುಮಾನಾನೇ ಬರ್ಲಿಲ್ಲ ಯಾಕಂದ್ರೆ ನೀಲಿ ಬೆಳಕು ನಮ್ಮ ಕಣ್ಣಿಗೆ ಮಂಕಾಗೇ ಕಾಣೋದು, ಹವಳಕ್ಕೆ ಹಂಗಲ್ಲ. ಆ ಹ್ಯಾಮರ್ ಉಳೀಲಿಲ್ಲ, ಈಗ್ಲೂ ನೆನೆಸ್ಕೊಂಡ್ರೆ ಬೇಜಾರಾಗುತ್ತೆ.

ಹವಳದ ಮೈಯೊಳಗೆ ಜೂಜ್ಯಾಂಥೆಲೆ ಅಂತ ಕಂದು ಬಣ್ಣದ ಸೂಕ್ಷ್ಮ ಪಾಚಿ ಇರುತ್ತೆ, ಅದು ಬೆಳಕಲ್ಲಿ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತೆ. ಬೆಳಕು ಅತಿಯಾದ್ರೆ ಅದೇ ಪಾಚಿಯಿಂದ ಹವಳಕ್ಕೆ ವಿಷ ಆಗುತ್ತೆ, ಆಗ ಹವಳ ಅದನ್ನ ಹೊರಗೆ ತಳ್ಳಿಬಿಡುತ್ತೆ, ಬೆಳ್ಳಗಾಗೋದು ಅಂದ್ರೆ ಇದೇ. ಬೆಳಕು ಕಮ್ಮಿ ಆದ್ರೆ ಉಲ್ಟಾ, ಬಣ್ಣ ಕಂದಾಗುತ್ತೆ, ಕೆಲವು ಲೈಟಿನ ಕಡೆಗೆ ಎಳ್ಕೊಂಡು ಉದ್ದ ಆಗ್ತಾವೆ.

ಆಮೇಲೆ ಪಾರ್ ಮೀಟರ್, ಅಂದ್ರೆ ಆಹಾರ ತಯಾರಿಸೋಕೆ ಪಾಚಿ ಬಳಸೋ ಬೆಳಕು ಎಷ್ಟಿದೆ ಅಂತ ತೋರ್ಸೋ ಸಾಧನ, ಒಂದನ್ನ ಎರವಲು ತಂದು ಅಳೆದೆ. 15 ಸೆಂಟಿಮೀಟರಲ್ಲಿ ನಡುಮಧ್ಯೆ 400 ಪಾರ್ ಹತ್ರ, ಮೂಲೇಲಿ 60 ಕೂಡ ಇಲ್ಲ! ಅದೇ ಲೈಟನ್ನ 30ಕ್ಕೆ ಏರಿಸಿದ್ರೆ ನಡುವೆ 220ಕ್ಕೆ ಇಳೀತು, ಮೂಲೆ 90 ದಾಟ್ತು. ಎತ್ತರಿಸಿದ್ರೆ ಬೆಳಕು ವೇಸ್ಟ್ ಅಂತ ಸುಮಾರು ಜನ ಅನ್ಕೊಂಡಿದಾರೆ, ಸ್ವಲ್ಪ ಆಚೆ ಚೆಲ್ಲೋದು ನಿಜ, ಆದ್ರೆ ಒಳಗೆ ಸಮನಾಗಿ ಹರಡುತ್ತೆ, ಕೆಂಪು ನೀಲಿ ಬಲ್ಬುಗಳ ಬೆಳಕು ಬೆರೆಯೋಕೂ ಜಾಗ ಸಿಗುತ್ತೆ, ತೀರಾ ಹತ್ರ ಇದ್ರೆ ಮರಳ ಮೇಲೆ ಬಣ್ಣಬಣ್ಣದ ನೆರಳು ಬೀಳುತ್ತೆ ನೋಡಿ. ಉಪ್ಪುನೀರು ಸಿಡಿದು ಲೈಟಿನ ಲೆನ್ಸ್ ಮೇಲೆ ಕೂರೋದೂ ಕಮ್ಮಿ.

ಸಾಮಾನ್ಯವಾಗಿ ಎಲ್‌ಇಡಿಗೆ 20ರಿಂದ 30 ಸೆಂಟಿಮೀಟರ್ ಅಂತ ಹೇಳ್ತಾರೆ, ಟಿ5 ಅನ್ನೋ ತೆಳು ಟ್ಯೂಬ್‌ಲೈಟ್ ಆದ್ರೆ ಬೆಳಕು ಮೊದಲೇ ಹರಡಿರೋದ್ರಿಂದ ಇನ್ನೂ ಕೆಳಗೆ ಇಡಬಹುದು. ಲೆನ್ಸಿನ ಕೋನ ಕಿರಿದಾಗಿದ್ರೆ ಜಾಸ್ತಿ ಎತ್ತರ ಬೇಕು. ಅಳತೆ ನೀರಿನ ಮೇಲ್ಮೈಯಿಂದ ತಗೋಬೇಕು, ಗಾಜಿನ ಅಂಚಿಂದ ಅಲ್ಲ. ಮೆತ್ತನೆ ಹವಳಗಳಿಗೆ 50ರಿಂದ 100 ಪಾರ್ ಸಾಕಾಗುತ್ತೆ, ಹ್ಯಾಮರ್ ಥರದವು 150ರೊಳಗೆ ನೆಮ್ಮದಿಯಾಗಿರ್ತಾವೆ, ಅಕ್ರೋಪೋರಾದಂಥ ಕವಲು ಹವಳಗಳಿಗೆ ಮಾತ್ರ 200ರಿಂದ 350 ಬೇಕು, ಅವನ್ನ ಬಂಡೆ ತುದೀಲಿ ಇಟ್ರೆ ಆಯ್ತು. ಲಕ್ಸ್ ಮೀಟರ್ ನಂಬ್ಕೋಬೇಡಿ, ಅದು ಮನುಷ್ಯರ ಕಣ್ಣಿನ ಲೆಕ್ಕದ್ದು, ನೀಲೀನ ಕಮ್ಮಿ ತೋರ್ಸುತ್ತೆ.

ಮೀಟರ್ ಸಿಗದೇ ಇದ್ರೆ ಲೈಟನ್ನ ಮೊದಲು ಬೇಕಾದ್ದಕ್ಕಿಂತ ಮೇಲೇನೇ ಕಟ್ಟಿ, ಅರ್ಧ ಪವರಲ್ಲಿ ಶುರು ಮಾಡಿ, ಮೂರ್ನಾಲ್ಕು ವಾರ ತಗೊಂಡು ನಿಧಾನಕ್ಕೆ ಜಾಸ್ತಿ ಮಾಡ್ತಾ ಬನ್ನಿ. ಎತ್ತರ, ಪವರ್ ಎರಡನ್ನೂ ಒಂದೇ ದಿನ ಮುಟ್ಟಬೇಡಿ, ಹವಳ ಮುದುಡಿದ್ರೆ ಯಾವುದ್ರಿಂದ ಅಂತ ಗೊತ್ತಾಗಲ್ಲ.

ಮುಂದಿನ ಕಂತಲ್ಲಿ ಲೈಟಿಗೇ ಅಂತ ಒಂದು ಪೂರ್ತಿ ಬರಹ ಕೊಡಿ, ದಯವಿಟ್ಟು. ಹೊಸದಾಗಿ ತೊಟ್ಟಿ ಇಡೋರು ಹವಳ ತರೋ ಮುಂಚೆ ಓದೋ ಹಂಗಿರ್ಲಿ.

ಇಂತಿ,
ನಿಮ್ಮ ಓದುಗ