ಕಾಪು ಲೈಟ್‌ಹೌಸ್ ಪ್ರವಾಸ: ಹೊರಡುವ ಹೊತ್ತು ಮತ್ತು ದರ ಬದಲಾಗಿದೆ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಬೇಜಾರಿನ ವಿಷಯ ಮೊದಲೇ ಹೇಳಿಬಿಡುತ್ತೇವೆ. ಬರುವ ತಿಂಗಳಿಂದ ನಮ್ಮ ಭಾನುವಾರದ ಕಾಪು ಗಾಡಿ ಶಿವಮೊಗ್ಗದಿಂದ ಬೆಳಗಿನ ಜಾವ 5.30ಕ್ಕೆ ಹೊರಡುವುದಿಲ್ಲ, 9 ಗಂಟೆಗೆ ಹೊರಡುತ್ತದೆ. ವಾಪಸ್ ಬರುವಾಗ ರಾತ್ರಿ 12 ಆಗುತ್ತದೆ. ಆಗುಂಬೆಯ ಸೂರ್ಯಾಸ್ತ ಇನ್ನು ಇಲ್ಲ. 21 ಸೀಟಿನ ಮಿನಿ ಬಸ್ ಬದಲು 12 ಸೀಟಿನ ಟೆಂಪೊ ಟ್ರಾವೆಲರ್ ಬರುತ್ತದೆ. 950 ರೂಪಾಯಿ ಇದ್ದ ದರ 1,250 ಆಗಿದೆ.

ಹಳೇ ಪ್ರವಾಸದಲ್ಲಿ ಬಂದವರಿಗೆ ಕಾರಣ ಅರ್ಧ ಗೊತ್ತೇ ಇದೆ. ಹನ್ನೊಂದು ಗಂಟೆಗೆಲ್ಲ ಕಾಪು ತಲುಪುತ್ತಿದ್ದೆವು. ಬಂಡೆ ಕಾದ ಕಾವಲಿ. ಲೈಟ್‌ಹೌಸ್ ಬಾಗಿಲಿಗೆ ಬೀಗ. ಜನರನ್ನು ಮೇಲೆ ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ. ಆ ಹೊತ್ತಿಗೆ ನಾವು ಆಗುಂಬೆ ಸೂರ್ಯಾಸ್ತಕ್ಕೆಂದು ಹೆಬ್ರಿ ಕಡೆ ಓಡುತ್ತಿದ್ದೆವು. ಹೋದ ಸಲ ಒಬ್ಬ ಪುಟ್ಟ ಹುಡುಗಿ ಆ ಬೀಗ ಅಲ್ಲಾಡಿಸಿ ನೋಡಿ, 'ಮೇಲೆ ಹತ್ತೋದಿಲ್ವಾ ಮಾಮ?' ಅಂದಳು. ನಮ್ಮ ಡ್ರೈವರ್ ಅವಳಿಗೆ ಐಸ್‌ಕ್ರೀಮ್ ಕೊಡಿಸಿದ. ಬೇರೆ ಉತ್ತರ ಅವನ ಹತ್ತಿರ ಇರಲಿಲ್ಲ. ಲೈಟ್‌ಹೌಸ್ ಪ್ರವಾಸ ಅಂತ ದುಡ್ಡು ತೆಗೆದುಕೊಂಡು ಬುಡ ತೋರಿಸಿ ಕರೆತಂದಿದ್ದು ನಮ್ಮದೇ ತಪ್ಪು. ಕ್ಷಮಿಸಿ.

ಇನ್ನು ದರ. 'ಲೈಟ್‌ಹೌಸ್ ಹತ್ತೋ ಟಿಕೆಟ್ ಚಿಲ್ಲರೆ ಕಾಸು, ನೀವು ಸಾವಿರದ ಮೇಲೆ ಕೇಳ್ತೀರಲ್ಲ?' ಈ ಮಾತನ್ನು ಫೋನಿನಲ್ಲಿ ಕೇಳಿದ್ದೇವೆ, ಮದುವೆ ಮನೆ ಪಂಕ್ತಿಯಲ್ಲಿ ಕೂತಾಗಲೂ ಕೇಳಿದ್ದೇವೆ. ಟಿಕೆಟ್ ಚಿಲ್ಲರೆ ಕಾಸೇ, ನಿಜ. ಲೈಟ್‌ಹೌಸ್ ಕೇಂದ್ರ ಸರ್ಕಾರದ ಇಲಾಖೆಯದ್ದು. 1901ರಲ್ಲಿ ಕಟ್ಟಿದ್ದು, ಕಟ್ಟಿದಲ್ಲೇ ನಿಂತಿದೆ, ಅದಕ್ಕೆ ಟೈರ್ ಸವೆಯುವುದಿಲ್ಲ! ನಮ್ಮ ಗಾಡಿ ಹೋಗಿ ಬರಲು 320 ಕಿಲೋಮೀಟರಿಗೆ ಕಡಿಮೆ ಇಲ್ಲ. ಅದರಲ್ಲಿ ಆಗುಂಬೆ ಘಾಟಿಯ 14 ತಿರುವು ಎರಡೆರಡು ಸಲ. ಬಯಲುಸೀಮೆಯಲ್ಲಿ ಓಡುವ ಗಾಡಿಗೂ ಘಾಟಿ ಇಳಿಯುವ ಗಾಡಿಗೂ ಬ್ರೇಕ್ ಲೈನರ್ ಒಂದೇ ಲೆಕ್ಕದಲ್ಲಿ ಬಾಳಿಕೆ ಬರುವುದಿಲ್ಲ. ಯಾವ ಮೆಕ್ಯಾನಿಕ್‌ನ ಬೇಕಾದರೂ ಕೇಳಿ. ಫಸ್ಟ್ ಗೇರಿನಲ್ಲಿ ಹತ್ತುವಾಗ ಡೀಸೆಲ್ ಕುಡಿಯುವುದು ಬೇರೆ. ಬ್ರೇಕ್ ವಿಷಯದಲ್ಲಿ ನಾವು ಒಂದು ರೂಪಾಯಿಯೂ ಉಳಿಸಿಲ್ಲ, ಉಳಿಸುವುದೂ ಇಲ್ಲ.

ಇಷ್ಟು ದಿನ ಒಬ್ಬನೇ ಡ್ರೈವರ್ ಸಾಕಾಗುತ್ತಿದ್ದ. ಈಗ ಕತ್ತಲಲ್ಲಿ, ಸೋಮೇಶ್ವರದ ಕಾಡು ದಾಟಿ ಘಾಟಿ ಹತ್ತಬೇಕು. ಒಂದೊಂದು ದಿನ ಮಂಜು ಕವಿದು ಹತ್ತಡಿ ಮುಂದಿನ ರಸ್ತೆ ಕಾಣುವುದಿಲ್ಲ. ಬೆಳಿಗ್ಗೆಯಿಂದ ಸ್ಟೇರಿಂಗ್ ಹಿಡಿದವನ ಕೈಗೆ ಆ ಹೊತ್ತಿನಲ್ಲಿ ನಿಮ್ಮನ್ನು ಕೊಡಲು ನಮಗೆ ಧೈರ್ಯ ಇಲ್ಲ. ಹಾಗಾಗಿ ಇಬ್ಬರು ಡ್ರೈವರ್, ಎರಡು ಬತ್ತಾ. ಮಿನಿ ಬಸ್ಸಿನಲ್ಲಿ 21 ಜನ ಹಂಚಿಕೊಳ್ಳುತ್ತಿದ್ದ ಖರ್ಚನ್ನು ಈಗ 12 ಜನ ಹಂಚಿಕೊಳ್ಳಬೇಕು. ಮಿನಿ ಬಸ್ಸೇ ಇಟ್ಟುಕೊಳ್ಳಬಹುದಿತ್ತಲ್ಲ ಅಂತ ಕೇಳುತ್ತೀರಿ. ಅದು ಬಾಡಿಗೆ ಗಾಡಿ. ಅದರ ಮಾಲೀಕರು ರಾತ್ರಿ ಘಾಟಿಗೆ ಕಳಿಸಲು ಒಪ್ಪಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ಉಕ್ಕುತ್ತದೆ, ಘಾಟಿಯಲ್ಲಿ ಮಣ್ಣು ಕುಸಿಯುತ್ತದೆ, ನಾವು ಪ್ರವಾಸ ನಿಲ್ಲಿಸುತ್ತೇವೆ. ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಇದನ್ನೂ ಲೆಕ್ಕಕ್ಕೆ ಹಿಡಿದು ಆಮೇಲೆ ಬೈಯಿರಿ.

ತಿಂಡಿ, ಊಟ ಮೊದಲಿನ ಹಾಗೇ ದರದಲ್ಲೇ ಸೇರಿದೆ. ತಿಂಡಿ ತೀರ್ಥಹಳ್ಳಿಯಲ್ಲಿ, ಊಟ ಉಡುಪಿಯಲ್ಲಿ. ಕೊಟ್ಟೆ ಕಡುಬು ಬಿಡಬೇಡಿ ಅಂದವರಿಗೆ: ಬಿಟ್ಟಿಲ್ಲ.

ಆಗುಂಬೆ ಕೈಬಿಟ್ಟಿದ್ದಕ್ಕೆ ನಮಗೂ ಸಂಕಟ ಇದೆ. ಮಲೆನಾಡಿನವರೇ ಆಗುಂಬೆ ಸೂರ್ಯಾಸ್ತ ಬೇಡ ಅಂದರೆ ಹೇಗೆ, ಅಲ್ವಾ? ಆದರೆ ಸೂರ್ಯ ದಿನಕ್ಕೆ ಒಂದೇ ಸಲ ಮುಳುಗುತ್ತಾನೆ. ಆಗುಂಬೆಗೆ ನೀವು ಯಾವತ್ತು ಬೇಕಾದರೂ ಸ್ವಂತ ಬೈಕಿನಲ್ಲಿ ಹೋಗುತ್ತೀರಿ. ಮೋಡ ಇದ್ದರೆ ಬೋಂಡ ತಿಂದು ವಾಪಸ್ ಬರುತ್ತೀರಿ. ಈಗ ಮೂರೂವರೆ ಹೊತ್ತಿಗೆ ಕಾಪುವಿನಲ್ಲಿರುತ್ತೇವೆ. ಬಾಗಿಲು ತೆಗೆದ ಕೂಡಲೇ ಸಾಲಿನಲ್ಲಿ ನಿಲ್ಲಬಹುದು. ಗೋಪುರದ ಎತ್ತರ ಸುಮಾರು 27 ಮೀಟರ್. ಒಳಗೆ ಸುತ್ತು ಮೆಟ್ಟಿಲು, ಇಕ್ಕಟ್ಟು. ಮೇಲೆ ಗಾಳಿ ಜೋರು, ಟೋಪಿ ಹಾರಿ ಹೋದರೆ ನಮ್ಮನ್ನು ಕೇಳಬೇಡಿ. ಒಂದು ಕಡೆ ತೆಂಗಿನ ಸಾಲು, ಇನ್ನೊಂದು ಕಡೆ ಬರೀ ನೀರು. ಇಳಿದು ಬಂದು ಬಂಡೆ ಮೇಲೆ ಕೂತರೆ ಸೂರ್ಯ ಸಮುದ್ರಕ್ಕೇ ಇಳಿಯುತ್ತಾನೆ. ಸ್ವಲ್ಪ ಹೊತ್ತಿಗೆ ನೆತ್ತಿಯ ಮೇಲೆ ದೀಪ ಹತ್ತುತ್ತದೆ. ಇಷ್ಟು ವರ್ಷ ಜನರನ್ನು ಕರೆದುಕೊಂಡು ಹೋದ ನಾವೇ ಆ ದೀಪ ಉರಿಯುವುದನ್ನು ನೋಡಿರಲಿಲ್ಲ. ಹೋದ ತಿಂಗಳು ಹೊಸ ಹೊತ್ತಿನಲ್ಲಿ ಹೋಗಿ ಬರೋಣ ಅಂತ ಹೋದಾಗ ನೋಡಿದೆವು. ನಾಚಿಕೆಯೂ ಆಯಿತು.

ಮೊಣಕಾಲು ನೋವಿನವರು ಹತ್ತಲೇಬೇಕು ಅಂತಿಲ್ಲ. ಇಬ್ಬರಲ್ಲಿ ಒಬ್ಬ ಡ್ರೈವರ್ ನಿಮ್ಮ ಜೊತೆ ಕೆಳಗೇ ಇರುತ್ತಾನೆ. ಬಾಗಿಲು ತೆಗೆಯುವುದು, ಮುಚ್ಚುವುದು ನಮ್ಮ ಕೈಯಲ್ಲಿಲ್ಲ. ನಾವು ಹೋದ ದಿನ ತೆಗೆಯಲೇ ಇಲ್ಲ ಅಂದರೆ ತಲೆಗೆ 200 ರೂಪಾಯಿ ಗಾಡಿಯಲ್ಲೇ ವಾಪಸ್ ಕೊಡುತ್ತೇವೆ, ನೀವು ಕೇಳಬೇಕಾಗಿಲ್ಲ. ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ದರವೇ. ಅಡಿಕೆ ಕೊಯ್ಲು ಮುಗಿಸಿ ಬರುತ್ತೇವೆ ಅಂದ ತೋಟದವರೂ ಅಡ್ವಾನ್ಸ್ ಕೊಟ್ಟಿದ್ದರೆ ಹಾಗೇ, ಯಾವ ತಿಂಗಳು ಬಂದರೂ ಸರಿ.

ತೀರ್ಥಹಳ್ಳಿಯಲ್ಲಿ ಹತ್ತುವವರು 10.30ಕ್ಕೆ ಬಸ್ ಸ್ಟ್ಯಾಂಡ್ ಹತ್ತಿರ ಇರಿ. ಘಾಟಿಯಲ್ಲಿ ಹೊಟ್ಟೆ ತೊಳಸುವವರು ಸೀಟು ಬುಕ್ ಮಾಡುವಾಗಲೇ ಹೇಳಿ, ಮುಂದಿನ ಸೀಟು ಕೊಡುತ್ತೇವೆ. ನಿಂಬೆಹಣ್ಣು ಗಾಡಿಯಲ್ಲೇ ಇರುತ್ತದೆ.

ಇಂತಿ ನಿಮ್ಮ
ಗಾಡಿಯವರು, ಶಿವಮೊಗ್ಗ